ಮನಸ್ಸಾಕ್ಷಿಯ ತಾಲೀಮು

ಜವಳಗೇರಾ, ಸಿಂಧನೂರು, ಮಸ್ಕಿ ಸೀಮೆಯಲ್ಲಿ ಬಯಲಾಟ ನೋಡಿದವರಿಗೆಲ್ಲ ಸಾರಥಿ ಗೊತ್ತು. ಕಿರೀಟ ತೊಟ್ಟ ರಾಜ ಅಬ್ಬರಿಸುತ್ತಾ ಬಂದರೂ ಸಾರಥಿ ಎದುರು ನಿಂತು, ನೀನು ಯಾರು, ನಿನ್ನ ಊರು ಯಾವುದು ಎಂದು ಕೇಳುತ್ತಾನೆ. ರಾಜ ಉತ್ತರ ಹೇಳಲೇಬೇಕು. ಅಧಿಕಾರವನ್ನು ಪ್ರಶ್ನಿಸುವ ಈ ಸಲಿಗೆ ಆಟಕ್ಕಷ್ಟೇ ಸಾಕೆ, ಬದುಕಿಗೂ ಬೇಕೆ?

ಪವಿತ್ರ ಗ್ರಂಥದಲ್ಲಿ ಎರಡು ನೃತ್ಯಗಳಿವೆ. ಫರೋಹನ ದಾಸ್ಯದಿಂದ ಪಾರಾದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಸ್ತ್ರೀಯರೊಡನೆ ಕುಣಿದಳು. ಹೆರೋದಿಯಳ ಮಗಳು ಅರಸನ ಔತಣದಲ್ಲಿ ಕುಣಿದಳು. ಅದರ ಬಹುಮಾನವಾಗಿ ಸ್ನಾನಿಕ ಯೊವಾನ್ನರ ತಲೆ ಉರುಳಿತು. ಕಲೆ ಅರಸನನ್ನು ಮೆಚ್ಚಿಸಲೂಬಹುದು, ಬಿಡುಗಡೆಯನ್ನು ಸಾರಲೂಬಹುದು.

ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಭರತನಾಟ್ಯ ಕಲಿತು, ರಂಗಭೂಮಿಗೆ ಬಂದ ಸ್ನೇಹಲತಾ ರೆಡ್ಡಿಯವರು 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದರು. ಆ ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆದಿತ್ತು. ಅನಂತರ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಸತ್ತವನ ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ವಾದಿಸುತ್ತಾ ಕುಳಿತಾಗ, ಯಾರೂ ಲೆಕ್ಕಕ್ಕಿಡದ ಚಂದ್ರಿ ರಾತ್ರಿಯಲ್ಲಿ ಹೆಣವನ್ನು ಸುಡಿಸುತ್ತಾಳೆ.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂತು. ಜಾರ್ಜ್ ಫೆರ್ನಾಂಡಿಸರ ಸ್ನೇಹದ ಕಾರಣ 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಗೆ ಹಾಕಿದರು. ಬರೋಡಾ ಡೈನಮೈಟ್ ಮೊಕದ್ದಮೆಯ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ತೀವ್ರ ಆಸ್ತಮಾ ಇದ್ದರೂ ಎಂಟು ತಿಂಗಳು ಒಳಗಿಟ್ಟರು. ಅಲ್ಲಿ ಅವರು ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಏಟುಗಳ ವಿರುದ್ಧ, ಕೆಟ್ಟ ಊಟದ ವಿರುದ್ಧ ಹೋರಾಡಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು.

ಮಕ್ಕಳೊಂದಿಗರಿಗೆ ಇದೆಲ್ಲ ಬೇಕಿತ್ತೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಹಗುರವಾದದ್ದಲ್ಲ. ಕುಟುಂಬವನ್ನು ಕಾಯುವುದೂ ದೇವರು ಒಪ್ಪಿಸಿದ ಹೊಣೆಯೇ. ಅಪಾಯವನ್ನು ಹುಡುಕಿಕೊಂಡು ಹೋಗುವುದೇ ಧೈರ್ಯವಲ್ಲ. ಆದರೆ ಪಕ್ಕದಲ್ಲಿ ಒಬ್ಬಳಿಗೆ ಏಟು ಬೀಳುವಾಗ ಕಿವಿ ಮುಚ್ಚಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಿದರೆ, ಅವರಿಗೆ ನಾವು ಉಳಿಸಿದ್ದು ಏನು?

ಇನ್ನೂ ಒಂದು ಮಾತು. 1941ರಲ್ಲಿ ನಾಜಿಗಳು ಆಕ್ರಮಿಸಿದ್ದ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕೆಲವು ತರುಣರು ಮನೆಗಳ ಒಳಗೆ ಗುಟ್ಟಾಗಿ ನಾಟಕವಾಡುತ್ತಿದ್ದರು. ವೇಷ, ಪರದೆ ಹೆಚ್ಚಿಲ್ಲ, ಮಾತೇ ಮುಖ್ಯ. ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ. ಅವರಲ್ಲೊಬ್ಬ ಕರೋಲ್ ವೊಯ್ತಿವಾ. ಮರುವರ್ಷ ಗುಪ್ತ ಗುರುಮಠ ಸೇರಿದ ಆ ಯುವಕನೇ ಮುಂದೆ ಸಂತ ಎರಡನೆಯ ಜಾನ್ ಪೌಲರಾದರು.

ಆ ನಾಟಕಗಳು ಒಂದು ತೋಪನ್ನೂ ನಿಲ್ಲಿಸಲಿಲ್ಲ. ಚಂದ್ರಿಯ ಪಾತ್ರದಿಂದ ಸೆರೆಮನೆಯ ಬಾಗಿಲೂ ತೆರೆಯಲಿಲ್ಲ. ಆದರೂ ಇನ್ನೊಬ್ಬರ ನೋವಿನೊಳಗೆ ಹೊಕ್ಕು ನಿಲ್ಲುವುದನ್ನು ಕಲೆ ನಮಗೆ ಮೊದಲೇ ರೂಢಿ ಮಾಡಿಸುತ್ತದೆ. ಅದು ಮನಸ್ಸಾಕ್ಷಿಯ ತಾಲೀಮು. ತಾಲೀಮೇ ಇಲ್ಲದವನಿಗೆ ಪರೀಕ್ಷೆಯ ದಿನ ಮಾತು ಹೊರಡುವುದಿಲ್ಲ.

ಧರ್ಮಕೇಂದ್ರದ ಹಬ್ಬಕ್ಕೆ ನಮ್ಮ ಮಕ್ಕಳು ನಾಟಕ ಕಲಿಯುವಾಗ, ಬಡವನ ಪಾತ್ರ ಬೇಡ, ರಾಜನ ಪಾತ್ರ ಕೇಳು ಎಂದು ಹೇಳದಿರೋಣ. ಆ ಬಡವ ರಾಜನಿಗೆ ಕೇಳುವ ಪ್ರಶ್ನೆಯನ್ನು ಮಗು ಗಟ್ಟಿಯಾಗಿ ಕೇಳಲಿ.