ಒಲೆಯ ಮುಂದಿನ ಜಂಗಮ



'ಪಾಕ' ಎಂಬ ಶಬ್ದವು ಸಂಸ್ಕೃತದ 'ಪಚ್' ಧಾತುವಿನಿಂದ ಹುಟ್ಟಿದುದು. ಇದಕ್ಕೆ ಬೇಯಿಸುವುದೆಂಬ ಅರ್ಥ ಒಂದೇ ಅಲ್ಲ. ಕಾಯಿ ಹಣ್ಣಾಗುವುದೂ ಪಾಕವೇ. ಉಂಡ ಅನ್ನವು ಜೀರ್ಣವಾಗುವುದೂ ಪಾಕವೇ. ಮನಸ್ಸು ಮಾಗಿ ಹದಕ್ಕೆ ಬರುವುದನ್ನು ಪರಿಪಾಕವೆಂದು ಕರೆಯುತ್ತೇವೆ. 'ಜಂಗಮ'ವೆಂಬ ಶಬ್ದವಾದರೋ 'ಗಮ್' ಧಾತುವಿನಿಂದ ಬಂದುದು. ಮತ್ತೆ ಮತ್ತೆ ಚಲಿಸುವುದೆಂದು ಅದರ ಅರ್ಥ. ಒಲೆಯು ಕದಲದ ವಸ್ತು, ದಾರಿಯು ನಿಲ್ಲದ ವಸ್ತು; ಆದುದರಿಂದ ಅಡುಗೆಗೂ ದೇಶಸಂಚಾರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ದಾಸೋಹವನ್ನು ಬಲ್ಲವರು ಹಾಗೆ ಕೇಳಲಾರರು. ಚಲಿಸುವ ಜಂಗಮಕ್ಕಾಗಿ ನಿಂತು ಬೇಯಿಸುವುದೇ ದಾಸೋಹವಲ್ಲವೆ? ನಮ್ಮ ಮನೆಗಳಲ್ಲಿ ನಿಂತು ಬೇಯಿಸುವವರು ಯಾರು, ಚಲಿಸುವವರು ಯಾರು, ಈ ಪಾಲು ಹಂಚಿಕೆಯು ಧರ್ಮಸಮ್ಮತವೇ ಎಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂದಿದ್ದೇನೆ.

ಮೊದಲು ಕಲ್ಯಾಣಕ್ಕೆ ಹೋಗೋಣ. 1126 ರಿಂದ 1138 ರವರೆಗೆ ಅಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಅನ್ನಭೋಗ ಪ್ರಕರಣದಲ್ಲಿ ಅರಸನ ಊಟದ ವಿವರಗಳು ಹೇರಳವಾಗಿವೆ. ಉದ್ದಿನ ಹಿಟ್ಟಿನಿಂದ ಮಾಡುವ 'ಇಡ್ಡರಿಕಾ' ಅಲ್ಲಿದೆ. ಇಂದಿನ ಇಡ್ಡಲಿಯ ಪೂರ್ವಜವೆಂದು ವಿದ್ವಾಂಸರು ಹೇಳುವುದು ಇದನ್ನೇ. ಅಕ್ಕಿಯ ಸೋಂಕು ಮಾತ್ರ ಅದಕ್ಕಿನ್ನೂ ಇರಲಿಲ್ಲ. ಪ್ರಭುವಿನ ನಾಲಿಗೆಯನ್ನು ತೃಪ್ತಿಪಡಿಸುವುದಕ್ಕೆ ಎಷ್ಟು ಸೂಕ್ಷ್ಮವಾದ ಶಾಸ್ತ್ರವಿತ್ತೆಂಬುದನ್ನು ಆ ಗ್ರಂಥದಿಂದ ತಿಳಿಯಬಹುದು. ಒಂದು ತಲೆಮಾರು ಕಳೆಯುವುದರೊಳಗೆ ಅದೇ ನಗರದಲ್ಲಿ ಬಸವಣ್ಣನವರ ಮಹಾಮನೆಯ ಒಲೆ ಹೊತ್ತಿತು. ಅದು ಬೆಂದುದು ಒಬ್ಬ ಪ್ರಭುವಿಗಾಗಿ ಅಲ್ಲ, ಬಾಗಿಲಿಗೆ ಬಂದ ಯಾರಿಗಾದರೂ ಸರಿ. ಅರಮನೆಯ ಅಡುಗೆಗೆ ಗ್ರಂಥ ಉಳಿಯಿತು. ಮಹಾಮನೆಯ ಅಡುಗೆಗೆ ಬಂದವರ ಕಥೆಗಳು ಉಳಿದವು.

ಬಂದವರಾದರೂ ಎಲ್ಲೆಲ್ಲಿಯವರು! ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಬಂದವರೆಂದು ಪರಂಪರೆಯು ಹೇಳುತ್ತದೆ. ಅವರು ಕಲ್ಯಾಣದಲ್ಲಿ ಕೈಗೊಂಡ ಕಾಯಕ ಸೌದೆ ಮಾರುವುದು. ರಾಜ್ಯವನ್ನಾಳಿದ ಕೈಯೇ ಪರರ ಒಲೆಗೆ ಉರುವಲನ್ನು ಹೊತ್ತಿತು. ಮರುಳಶಂಕರದೇವರು ಇನ್ನೂ ದೂರದಿಂದ, ಇಂದಿನ ಆಫ್ಘಾನಿಸ್ಥಾನದ ಕಡೆಯಿಂದ ಬಂದವರೆನ್ನುತ್ತಾರೆ. ಅವರು ಹನ್ನೆರಡು ವರ್ಷಗಳ ಕಾಲ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದು, ಕಡೆಗೆ ಅಲ್ಲಮಪ್ರಭುಗಳಿಂದ ಗುರುತಿಸಲ್ಪಟ್ಟರೆಂಬುದು ಶೂನ್ಯಸಂಪಾದನೆಯ ಕಥೆ. ಸಾವಿರಾರು ಹರದಾರಿ ನಡೆದ ಈ ಇಬ್ಬರು ಸಂಚಾರಿಗಳು ಪಡೆದ ಫಲವೇನು? ಒಬ್ಬರಿಗೆ ಸೌದೆಯ ಹೊರೆ, ಇನ್ನೊಬ್ಬರಿಗೆ ಕೈತೊಳೆದ ನೀರು ಹರಿಯುವ ಕುಂಡದ ಅಂಚು. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಹಿಡಿದು ಓಡುವ ಈ ಕಾಲದವರಿಗೆ ಇದು ನಷ್ಟವೆಂದೇ ತೋರೀತು.

ಮಾರಯ್ಯನವರ ಮನೆಯಲ್ಲಿ ಬಸವಣ್ಣನವರಿಗೆ ದೊರೆತುದು ಅಂಬಲಿ ಎಂದು ಕಥೆ. ಅದನ್ನು ಕಾಯಿಸಿದವರು ಮಹಾದೇವಿಯಮ್ಮನವರು; ಆಕೆಯೂ ಕಾಶ್ಮೀರದ ಅರಮನೆಯಿಂದ ಬಂದವರೇ. ಅಂಬಲಿಯು ಸುಲಭವೆಂದು ಎಣಿಸಬೇಡಿ. ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೆ ಹೊರಮೈ ಕೂಡಲೇ ಬೆಂದು ಅಂಟಾಗಿ, ಒಳಗಿನ ಪುಡಿ ಒಣಗಿಯೇ ಉಳಿದು ಗಂಟು ಕಟ್ಟುತ್ತದೆ. ಮೊದಲು ತಣ್ಣೀರಿನಲ್ಲಿ ಕದಡಿ, ಅನಂತರ ಕುದಿಯುವ ನೀರಿಗೆ ಸಣ್ಣಧಾರೆಯಾಗಿ ಬಿಡುತ್ತ ತಿರುವಬೇಕು. ಕನ್ನಡನಾಡಿನ ಈ ಹದವನ್ನು ಅರಸಿಯಾಗಿದ್ದಾಕೆ ಪರದೇಶದಲ್ಲಿ ಕಲಿತಳಲ್ಲ, ಅದನ್ನು ನಾನು ದೇಶಸಂಚಾರದ ಪರಿಪಾಕವೆನ್ನುತ್ತೇನೆ.

ಮನುಷ್ಯರಷ್ಟೇ ಅಲ್ಲ, ಪದಾರ್ಥಗಳೂ ಜಂಗಮಗಳೇ. ಮಹಾಮನೆಯ ಸಾರಿನಲ್ಲಿ ಮೆಣಸಿನಕಾಯಿ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ; ಕೊಲಂಬಸನ 1492ರ ಯಾನದ ತರುವಾಯ ಪೋರ್ತುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿತು. ಅದುವರೆಗೆ ನಮಗೆ ಖಾರವೆಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಬಂದ ಹೊಸಬನಿಗೆ ಕನ್ನಡವು ಮನೆಯ ಹಿರಿಯನ ಹೆಸರನ್ನೇ ಕೊಟ್ಟು ಮೆಣಸಿನ ಕಾಯಿ ಎಂದಿತು. ಇಂದು ಬ್ಯಾಡಗಿಯ ಹೆಸರು ಜಗತ್ತಿಗೆ ತಿಳಿದಿರುವುದು ಆ ಪರದೇಶಿಯಿಂದಲೇ. ಶೇಂಗಾ, ಆಲೂಗಡ್ಡೆ, ಟೊಮೇಟೊ, ಗೋಡಂಬಿ ಎಲ್ಲವೂ ಹಾಗೆ ಕಡಲು ದಾಟಿದುವು. ಪರಂಗಿಹಣ್ಣು, ಸೀಮೆಬದನೆಕಾಯಿಗಳು ತಮ್ಮ ಹೆಸರಿನಲ್ಲಿಯೇ ಪರದೇಶದ ಗುರುತನ್ನು ಹೊತ್ತಿವೆ. ಆದರೂ ವಿಜಯನಗರದ ಮಾರುಕಟ್ಟೆಯಲ್ಲಿ ಅವನ್ನು ಕೊಳ್ಳುವ ತಾಯಿಯು ಇವು ಎಲ್ಲಿಯವೆಂದು ಕೇಳುವುದಿಲ್ಲ. ಕಾಯಿಪಲ್ಲೆಯ ವಿಷಯದಲ್ಲಿ ನಮಗಿರುವ ಈ ಔದಾರ್ಯವು ಮನುಷ್ಯರ ವಿಷಯದಲ್ಲಿಯೂ ಇದ್ದಿದ್ದರೆ ಶರಣರು ಅಷ್ಟು ಕಷ್ಟಪಡಬೇಕಾಗಿರಲಿಲ್ಲ.

ಇನ್ನು ನಮ್ಮ ಬಡಾವಣೆಗಳ ಮಾತು. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಗಳ ಅನೇಕ ಮನೆಗಳಲ್ಲಿ ಮಕ್ಕಳು ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಗಳಲ್ಲಿ ಉದ್ಯೋಗದಲ್ಲಿದ್ದಾರೆ. ಸೊಸೆಗೋ ಮಗಳಿಗೋ ಹೆರಿಗೆಯಾದಾಗ ತಾಯಿಯನ್ನು ಕರೆಸಿಕೊಳ್ಳುತ್ತಾರೆ. ನೆರೆಹೊರೆಯವರು ಆಕೆಯ ವಿದೇಶಯಾತ್ರೆಯ ಭಾಗ್ಯವನ್ನು ಕೊಂಡಾಡುತ್ತಾರೆ. ಆರು ತಿಂಗಳ ಮೇಲೆ ಹಿಂದಿರುಗಿದ ಆಕೆಯನ್ನು ಏನು ನೋಡಿದಿರೆಂದು ಕೇಳಿ. ವಿಮಾನನಿಲ್ದಾಣ, ಮಗನ ಮನೆ, ಆ ಮನೆಯ ಅಡುಗೆಯ ಕೋಣೆ, ವಾರಕ್ಕೊಮ್ಮೆ ದಿನಸಿಯ ಅಂಗಡಿ. ನಲವತ್ತು ವರ್ಷ ಒಂದು ಒಲೆಯ ಮುಂದೆ ನಿಂತವಳು ಹತ್ತು ಸಾವಿರ ಮೈಲಿ ಹಾರಿ ಇನ್ನೊಂದು ಒಲೆಯ ಮುಂದೆ ನಿಂತಳು, ಅಷ್ಟೆ. ಇದು ಸಂಚಾರವೇ? ಮೊಮ್ಮಗುವಿನ ಬಾಣಂತನ ಪುಣ್ಯದ ಕೆಲಸ, ಸಂದೇಹವಿಲ್ಲ. ಆದರೆ ಆಕೆ ಮಾಡಿದುದನ್ನು ದಾಸೋಹವೆಂದು ಕರೆಯಬೇಕಾದರೆ, ಉಂಡವರು ಆಕೆಯನ್ನು ಜಂಗಮವೆಂದು ಒಂದು ದಿನವಾದರೂ ಕಂಡಿರಬೇಕು.

ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋದ ಅಕ್ಕಮಹಾದೇವಿಯವರ ಭಾವಚಿತ್ರವು ಈ ಮನೆಗಳ ಗೋಡೆಯ ಮೇಲಿದೆ. ಅದರ ಕೆಳಗೆ ನಿಂತು ರೊಟ್ಟಿ ತಟ್ಟುವ ತಾಯಿಯು ತನ್ನ ಊರನ್ನೇ ನೋಡಿಲ್ಲ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಸುಮಾರು 43 ಕಿಲೋಮೀಟರುಗಳ ಮೆಟ್ರೊ ರೈಲು 2023ರ ಅಕ್ಟೋಬರಿನಿಂದ ಕೆಂಗೇರಿ, ವಿಜಯನಗರಗಳನ್ನು ಹಾದು ಪೂರ್ಣವಾಗಿ ಓಡುತ್ತಿದೆ. ಒಂದು ಮಧ್ಯಾಹ್ನ ಅದರ ಈ ತುದಿಯಿಂದ ಆ ತುದಿಗೆ ಹೋಗಿ ಬಂದ ಗೃಹಿಣಿಯರು ಎಷ್ಟು ಮಂದಿ?

ಆಕೆ ಚಲಿಸಬೇಕಾದರೆ ಬೇರೆಯವರು ಒಲೆಯ ಮುಂದೆ ನಿಲ್ಲಬೇಕು. ಆದ್ದರಿಂದ ತರುಣರಿಗಾಗಿ ಕೆಲವು ಹದಗಳನ್ನು ಹೇಳುತ್ತೇನೆ. ಮಠದ ಪಾಠಶಾಲೆಯಲ್ಲಿ ಓದುವ ವಟುಗಳಿಗೂ ಇವನ್ನು ಹೇಳುವುದುಂಟು. ಜೋಳದ ಹಿಟ್ಟಿನಲ್ಲಿ ಗೋದಿಯಲ್ಲಿರುವಂತಹ ಜಿಗುಟು ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿಯು ತಟ್ಟುವಾಗಲೇ ಒಡೆಯುತ್ತದೆ. ಕುದಿಯುವ ನೀರನ್ನು ಹಾಕಿದರೆ ಹಿಟ್ಟಿನ ಪಿಷ್ಟವು ಬೆಂದು ತಾನೇ ಅಂಟಾಗುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ, ಕೂಡಲೇ ತಟ್ಟಿ, ಹೆಂಚಿನ ಮೇಲೆ ಹಾಕಿದ ಬಳಿಕ ಮೇಲ್ಮೈಗೆ ನೀರು ಸವರಬೇಕು. ಬೇಳೆ ಬೇಯುವ ಮೊದಲು ಹುಣಿಸೆಯ ರಸವನ್ನು ಹಾಕಬಾರದು. ಹುಳಿಯು ಬೇಳೆಯನ್ನು ಬಿರುಸುಗೊಳಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಮಂಗಳೂರಿನವರಿಗಿಂತ ನಮಗೆ ಬೇಳೆ ತಡವಾಗಿ ಬೇಯುವುದಕ್ಕೆ ಇದೇ ಕಾರಣ. ಬೈಗುಳಕ್ಕೆ ಗುರಿಯಾಗುವುದು ಮಾತ್ರ ಅಡುಗೆ ಮಾಡುವವಳು! ದೋಸೆಯ ಹಿಟ್ಟನ್ನು ಹುಳಿಯಾಗಿಸುವ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿಯ ಆಸುಪಾಸಿನ ಬೆಚ್ಚಗೆ ಬೇಕು. ಮಾಗಿಯ ಚಳಿಯಲ್ಲಿ ನಾವು ಪಾತ್ರೆಗೆ ಕಂಬಳಿ ಹೊದಿಸುತ್ತೇವೆ; ಶೀತದೇಶಗಳಲ್ಲಿ ಒಲೆಯ ಗೂಡಿನ ದೀಪವನ್ನಷ್ಟೇ ಹೊತ್ತಿಸಿ ರಾತ್ರಿಯೆಲ್ಲ ಅದರೊಳಗಿಡುತ್ತಾರೆ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬದಿರುವುದು ಮೇಲು.

ಅಳತೆಯ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನವರೇ ಗುರು. ಪತಿಯು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಾಕೆ ಅವರು. ಪ್ರಯಾಣಕ್ಕೆ ಬುತ್ತಿ ಕಟ್ಟುವಾಗಲೂ ಇದು ನೆನಪಿರಲಿ. ಒಣಗಿಸಿದ ಕಟಕರೊಟ್ಟಿ, ಗುರೆಳ್ಳಿನ ಪುಡಿ, ಶೇಂಗಾ ಪುಡಿ, ಹುರಿಹಿಟ್ಟುಗಳು ಹಲವು ದಿನ ಕೆಡುವುದಿಲ್ಲ, ಇಷ್ಟಿದ್ದರೆ ಸಾಕು. ಆಸ್ಟ್ರೇಲಿಯದಂತಹ ದೇಶದಲ್ಲಿ ಪ್ರಯಾಣಿಕರು ತಂದ ಆಹಾರ ಮತ್ತು ಬೀಜಗಳನ್ನು ತಿಳಿಸಲೇಬೇಕು, ಮರೆಮಾಚಿದವರಿಗೆ ದಂಡವುಂಟು. ಉಪ್ಪಿನಕಾಯಿಗಾಗಿ ಸುಳ್ಳಾಡುವ ಭಕ್ತರಿದ್ದಾರೆಂದು ಕೇಳಿದ್ದೇನೆ. ಪೂಜೆಯ ಪೆಟ್ಟಿಗೆಯ ಪಕ್ಕದಲ್ಲಿಯೇ ಆ ಸುಳ್ಳೂ ಕಡಲು ದಾಟುತ್ತದೆಯಲ್ಲ!

ಪರದೇಶದಲ್ಲಿ ಪರರ ಮನೆಯ ಊಟದ ಪ್ರಶ್ನೆ ಬರುತ್ತದೆ. ಸಸ್ಯಾಹಾರದ ನೇಮವುಳ್ಳವರು ಅದನ್ನು ಬಿಡಬೇಕಾಗಿಲ್ಲ; ಪದಾರ್ಥದಲ್ಲಿ ಏನೇನಿದೆಯೆಂದು ವಿನಯದಿಂದ ಕೇಳಿದರೆ ಎಲ್ಲಿಯೂ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಮುಟ್ಟಿದವರ ಕೈಯನ್ನು ಕುರಿತು ಹೇಸುವವನು, ಬಸವಣ್ಣನವರು ನಾಗಿದೇವನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದ ಕಥೆಯನ್ನು ಮತ್ತೊಮ್ಮೆ ಓದಲಿ. ಅನ್ಯರು ಬಡಿಸಿದುದನ್ನು ಕೃತಜ್ಞತೆಯಿಂದ ಉಣ್ಣಲು ಕಲಿಯದವನು ಹತ್ತು ದೇಶ ಸುತ್ತಿದರೂ ಅವನ ಪಾಕ ಹಸಿಯೇ.

ತುಮಕೂರಿನ ಸಿದ್ಧಗಂಗೆಯಲ್ಲಿ ದಾಸೋಹದ ಒಲೆ ಒಂದು ದಿನವೂ ಆರಿಲ್ಲವೆಂದು ಪ್ರತೀತಿಯಿದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅಲ್ಲಿ ಉಣಬಡಿಸಿದರು. ಆ ಒಲೆಗಾಗಿ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ತಂದವರೂ ಅವರೇ. ಸುತ್ತಿ ತಂದವರೇ ಬಡಿಸಿದರು. ವಿದೇಶದಲ್ಲಿ ಒಂಟಿಯಾಗಿದ್ದಾಗ ಅನಿವಾರ್ಯವಾಗಿ ಅಡುಗೆ ಕಲಿತು, ಬಸವೇಶ್ವರನಗರದ ಮನೆಗೆ ಬಂದೊಡನೆ ತಟ್ಟೆಯ ಮುಂದೆ ಕುಳಿತು ತಾಯಿಯನ್ನು ಕೂಗುವ ಮಗನಿಗೆ ಈ ಕ್ರಮವು ತಿಳಿದಿಲ್ಲ. ಅಲ್ಲಿ ಕಲಿತುದನ್ನು ಇಲ್ಲಿ ಮರೆಯಲು ಯಾವ ಧರ್ಮಶಾಸ್ತ್ರವು ಅನುಮತಿ ಕೊಟ್ಟಿದೆಯೊ ತಿಳಿಯದು.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಮೇಲೆ, ಲ್ಯಾಂಬೆತ್ ಭಾಗದಲ್ಲಿ, ಬಸವೇಶ್ವರರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಆ ನಗರದಲ್ಲಿರುವ ಮಕ್ಕಳು ತಾಯಿಯನ್ನು ಕರೆಸಿಕೊಂಡಾಗ ಒಂದು ದಿನ ಅಲ್ಲಿಗೆ ಕರೆದೊಯ್ಯಲಿ. ಆ ಬೆಳಗ್ಗೆ ಬೇಗನೆ ಎದ್ದು ನೀರು ಕುದಿಸಿ ಹಿಟ್ಟು ನಾದುವವನು ಮಗನಾಗಿರಲಿ. ರೊಟ್ಟಿಯ ಅಂಚು ಒಡೆದಿದ್ದರೂ ಆಕೆ ನದಿಯ ದಡದಲ್ಲಿ ಕುಳಿತು ಅದನ್ನು ಉಂಡಾಳು.