ಹೊಡೆ ಕಾಣುವ ಕಣ್ಣು

"ದೇವರು ಕೊಡೋದಕ್ಕೂ ಲೆಕ್ಕ ಇಡ್ತಾರೇನ್ರೀ ನರ್ಸಮ್ಮ?"

ಶಿಕಾರಿಪುರ ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ಹಿರಿಯಾಕೆಯೊಬ್ಬರು ಕೇಳಿದ್ದರು. ಸೊಸೆಗೆ ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಚಂದ್ರಗುತ್ತಿಯ ರೇಣುಕಮ್ಮನಿಗೆ ಹರಕೆ ಹೊತ್ತಾಗಿತ್ತು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಮುಟ್ಟಾದ ದಿನಕ್ಕೂ ಒಂದು ಚುಕ್ಕೆ ಇಡು ಎಂದು ನಾನು ಆ ಹುಡುಗಿಗೆ ಹೇಳಿದ್ದೆ, ಅಷ್ಟೇ. ಅತ್ತೆಯ ದನಿಯಲ್ಲಿ ಜಗಳವಿರಲಿಲ್ಲ, ಭಯವಿತ್ತು. ಆ ಭಯಕ್ಕೆ ಉತ್ತರ ಹುಡುಕಲು ನನಗೆ ಬಹಳ ಕಾಲ ಬೇಕಾಯಿತು.

ಉತ್ತರ ಸಿಕ್ಕಿದ್ದು ನನ್ನ ತವರಿನ ಗದ್ದೆಯಲ್ಲಿ. ನಾನು ಹುಟ್ಟಿದ್ದು ಸೊರಬದ ಕಡೆಯ ದೀವರ ಮನೆಯಲ್ಲಿ. ಸೀಗೆ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ಅಷ್ಟು ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ, ತೆನೆ ಇನ್ನೂ ದಂಟಿನೊಳಗೇ ಇರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ದಸರೆ ಮುಗಿದದ್ದೇ ಅವ್ವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆಯಲು ಕೂರುತ್ತಿದ್ದಳು. ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಅಡುಗೆ. ನಸುಕಿನಲ್ಲಿ ಅಪ್ಪ ಬುಟ್ಟಿ ಹೊತ್ತು ಹೋಗಿ ಗದ್ದೆಗೆಲ್ಲ ಎಡೆ ಬೀರುತ್ತಿದ್ದ; ಅದೇ ಚರಗ. ಅದಕ್ಕೆ ಎಷ್ಟೋ ದಿನ ಮೊದಲಿಂದಲೇ ಬದುವಿನ ಮೇಲೆ ನಿಂತು ದಂಟು ಒತ್ತಿ ನೋಡುತ್ತಿದ್ದ: ಹೊಡೆ ಬಂತೇ, ನೀರು ಸಾಕೇ? ಹಾಗೆ ನೋಡುವುದು ದೇವರ ಮೇಲಿನ ಅಪನಂಬಿಕೆ ಎಂದು ಯಾರೂ ಅನ್ನಲಿಲ್ಲ. ದಂಟು ಒತ್ತುವುದೂ ಎಡೆ ಬೀರುವುದೂ ಒಂದೇ ಕೈಯ ಕೆಲಸವಾಗಿತ್ತು.

ಅದೇ ಅವ್ವ ನನ್ನ ಮೈಯ ಬಗ್ಗೆ ಕಲಿಸಿದ್ದು ಮೂರೇ ದಿನದ ಲೆಕ್ಕ. ಹೊರಗೆ ಕೂರು, ನಾಲ್ಕನೇ ದಿನ ನೀರು ಹಾಕಿಕೊಂಡು ಒಳಗೆ ಬಾ. ಮಿಕ್ಕ ದಿನಗಳಲ್ಲಿ ಏನಾಗುತ್ತದೆಂದು ಅವಳಿಗೂ ಯಾರೂ ಹೇಳಿರಲಿಲ್ಲ. ಮೈಲಿಗೆಯ ಮಾತು ಮಾಡಿದ ದೊಡ್ಡ ಅನ್ಯಾಯ ಇದೇ ಎಂದು ನನ್ನ ಎಣಿಕೆ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಹುಟ್ಟಿದ ತಾಲ್ಲೂಕು ಶಿಕಾರಿಪುರ. 12ನೇ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸಿನ ಸೂತಕವೂ ಒಂದು. ಆದರೂ ಶರಣರ ಹಾದಿಯವರಾದ ಆ ಲಿಂಗವಂತರ ಮನೆಯ ಸೊಸೆ ಮೂರು ದಿನ ಹಿತ್ತಿಲ ಕೋಣೆಯಲ್ಲಿರುತ್ತಿದ್ದಳು.

ನಾಲ್ಕು ತಿಂಗಳ ಚುಕ್ಕೆಗಳನ್ನು ಇಬ್ಬರೂ ಕೂತು ಎಣಿಸಿದೆವು. ಅವಳ ಚಕ್ರ ಹೆಚ್ಚುಕಡಿಮೆ 35 ದಿನದ್ದು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅಂದರೆ ಅವಳಿಗೆ 21ನೇ ದಿನದ ಆಸುಪಾಸು. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದವರೆಗೆ. ಋತುಕಾಲ 16 ರಾತ್ರಿ ಎಂದಿತು ಮನುಸ್ಮೃತಿ. ಆ ಹದಿನಾರು ಮುಗಿಯುವ ಹೊತ್ತಿಗೆ ಇವಳ ದಿನಗಳು ಶುರುವಾಗುತ್ತವೆ! ಒಬ್ಬಳ ಮೈ ಇನ್ನೊಬ್ಬಳ ಲೆಕ್ಕಕ್ಕೆ ಸಿಗುವುದಿಲ್ಲ. 1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನೌಸ್ ಈ ಲೆಕ್ಕ ಬಿಡಿಸುವವರೆಗೆ ವೈದ್ಯರಿಗೂ ಸರಿಯಾದ ದಿನ ಗೊತ್ತಿರಲಿಲ್ಲ. 1950ರ ದಶಕದ ಮೊದಲಲ್ಲಿ ನಮ್ಮ ರಾಮನಗರದ ಹೆಂಗಸರಿಗೆ, ಬಸಿರು ತಡೆಯಲೆಂದು, ದಿನ ಎಣಿಸುವ ಬಣ್ಣದ ಮಣಿಸರ ಕೊಟ್ಟು ನೋಡಿದ್ದರು.

ಮಣಿ, ಕ್ಯಾಲೆಂಡರ್ ಎಲ್ಲ ಅಂದಾಜಿಗೆ. ಮೈ ತಾನೇ ಗುರುತು ಕೊಡುತ್ತದೆ: ಆ ದಿನಗಳು ಹತ್ತಿರವಾದಾಗ ಬಿಳಿ ಹೋಗುವುದು ತಿಳಿಯಾಗಿ, ಹಸಿ ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗುತ್ತದೆ. ಎಷ್ಟೋ ಹೆಂಗಸರು ಇದನ್ನೇ ಕಾಯಿಲೆ ಎಂದು ಹೆದರಿ ನನ್ನ ಬಳಿ ಬಂದಿದ್ದಾರೆ. ಅದೇ ಅವರ ಹೊಡೆ.

ಅವಳಿಗೆ ಮಗುವಾಯಿತೇ ಎಂದು ಕೇಳುತ್ತೀರಿ. ಹೇಳಿದರೆ ಲೆಕ್ಕವೂ ಇನ್ನೊಂದು ಹರಕೆಯಾದೀತು. ದಿನ ತಿಳಿದರೂ ಆಗದಿರಬಹುದು, ಗಂಡನ ಪರೀಕ್ಷೆಯೂ ಆಗಬೇಕು. ಆ ಅತ್ತೆಗೆ ನಾನು ಕೊಟ್ಟ ಉತ್ತರ ಇಷ್ಟೇ: "ಗದ್ದೆ ನೋಡದೆ ಚರಗ ಬೀರುತ್ತೀರೇನಮ್ಮಾ?" ಮುಂದಿನ ತಿಂಗಳು ಚುಕ್ಕೆ ಇಡಲು ಪೆನ್ಸಿಲ್ ಹುಡುಕಿಕೊಟ್ಟವರು ಅವರೇ.

ಅವ್ವಂದಿರೇ, ಮಗಳು ಮೈನೆರೆದಾಗ ಆರತಿಯ ಜೊತೆ ಒಂದು ಕ್ಯಾಲೆಂಡರನ್ನೂ ಕೊಡಿ. ಮುಟ್ಟು ಕಂಡ ಮೊದಲ ದಿನವನ್ನು ಒಂದು ಎಂದು ಎಣಿಸಲು ಹೇಳಿಕೊಡಿ.