ಅಚೌರ್ಯಾಣುವ್ರತವೂ ಹೆದ್ದಾರಿಯ ಡೀಸೆಲ್ ಕಳವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಬಹುಮಂದಿ ಗೃಹಸ್ಥರಿಗೆ ಅತ್ಯಂತ ಸುಲಭವಾದುದೆಂದು ತೋರುತ್ತದೆ. ಅಹಿಂಸೆಯ ಪಾಲನೆಗೆ ಅಡಿಗೆಮನೆಯಿಂದ ಹೊಲದವರೆಗೆ ಎಚ್ಚರ ಬೇಕು. ಸತ್ಯದ ಪಾಲನೆಗೆ ಅಂಗಡಿಯಲ್ಲಿ ಆಡುವ ಪ್ರತಿಯೊಂದು ಮಾತಿನಲ್ಲಿಯೂ ಸಂಯಮ ಬೇಕು. ಪರಿಗ್ರಹಕ್ಕೆ ಮಿತಿಯನ್ನು ಹಾಕಿಕೊಳ್ಳುವುದಂತೂ ಇನ್ನೂ ಕಠಿನ. ಆದರೆ ಕಳ್ಳತನವನ್ನು ಮಾಡದಿರುವುದಕ್ಕೆ ವ್ರತವೇಕೆ, ಕುಲೀನರು ಯಾರು ತಾನೆ ಪರರ ಮನೆಗೆ ಕನ್ನ ಹಾಕುತ್ತಾರೆ ಎಂಬ ಸಮಾಧಾನವು ಮನೆಮನೆಯಲ್ಲಿಯೂ ಉಂಟು. ಈ ಸಮಾಧಾನವು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಶಾಸ್ತ್ರಗ್ರಂಥಗಳ ರಾಶಿಯೇನೂ ಬೇಕಿಲ್ಲ. ಹೆದ್ದಾರಿಯ ಬದಿಯಲ್ಲಿ ರಾತ್ರಿ ನಿಂತಿರುವ ಒಂದು ಲಾರಿಯ ಎಣ್ಣೆಯ ಟ್ಯಾಂಕು ಸಾಕು.

ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಪೋಣಿಸಿಕೊಂಡು ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳು ಓಡಾಡುತ್ತವೆ. ನೂರಾರು ಮೈಲಿ ನಡೆಸಿಕೊಂಡು ಬಂದ ಚಾಲಕನು ನಡುರಾತ್ರಿಯ ಮೇಲೆ ಡಾಬಾದ ಅಂಗಳದಲ್ಲಿಯೋ ರಸ್ತೆಯ ಅಂಚಿನಲ್ಲಿಯೋ ಗಾಡಿಯನ್ನು ನಿಲ್ಲಿಸಿ ಕಣ್ಣು ಮುಚ್ಚುತ್ತಾನೆ. ಆ ಹೊತ್ತಿನಲ್ಲಿ ಕಳ್ಳರು ಬಂದು ಟ್ಯಾಂಕಿನ ಮುಚ್ಚಳದ ಬೀಗವನ್ನು ಮುರಿದು, ಒಳಗೆ ರಬ್ಬರಿನ ಕೊಳವೆಯನ್ನಿಳಿಸಿ, ಇದ್ದ ಡೀಸೆಲನ್ನು ಪ್ಲಾಸ್ಟಿಕ್ ಕ್ಯಾನುಗಳಿಗೆ ಹರಿಸಿಕೊಳ್ಳುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಮಲಗಿದವನಿಗೆ ಸದ್ದೂ ಕೇಳಿಸದು. ಬೆಳಿಗ್ಗೆ ಗಾಡಿಯನ್ನು ಚಾಲೂ ಮಾಡಿ ಮುಳ್ಳು ಕೆಳಗಿಳಿದಿರುವುದನ್ನು ಕಂಡಾಗಲೇ ಅವನಿಗೆ ನಷ್ಟದ ಅರಿವಾಗುವುದು.

ಹೋದದ್ದು 50 ಲೀಟರು ಎಂದಿಟ್ಟುಕೊಳ್ಳೋಣ. ಭಾರ ಹೊತ್ತ ಲಾರಿಯು ಲೀಟರಿಗೆ ನಾಲ್ಕು ಕಿಲೋಮೀಟರು ಓಡುವುದಾದರೆ ಅದು 200 ಕಿಲೋಮೀಟರಿನ ದಾರಿ. ಹುಬ್ಬಳ್ಳಿಯಿಂದ ಚಿತ್ರದುರ್ಗದವರೆಗಿನ ಪ್ರಯಾಣಕ್ಕೆ ಹೆಚ್ಚುಕಡಿಮೆ ಸಮ. ಲೀಟರಿಗೆ 90 ರೂಪಾಯಿಯಂತೆ ಲೆಕ್ಕ ಹಿಡಿದರೆ ಅದರ ಬೆಲೆ 4,500 ರೂಪಾಯಿ. ದೊಡ್ಡ ವರ್ತಕನಿಗೆ ಇದು ಒಂದು ದಿನದ ಲೆಕ್ಕದಲ್ಲಿ ಮರೆತುಹೋಗುವ ಮೊತ್ತವಿರಬಹುದು. ಆದರೆ ಮಾಲೀಕನು ಚಾಲಕನ ಮಾತನ್ನು ನಂಬದೆ, ನೀನೇ ಮಾರಿಕೊಂಡಿರಬೇಕೆಂದು ಸಂಶಯಪಟ್ಟು, ಆ ಹಣವನ್ನು ಅವನ ಸಂಬಳದಲ್ಲಿ ಹಿಡಿದುಕೊಂಡರೆ, ನಷ್ಟವು ಹೋಗಿ ತಟ್ಟುವುದು ದೂರದ ಊರಿನ ಒಂದು ಸಣ್ಣ ಸಂಸಾರಕ್ಕೆ. ಹಣದ ಜೊತೆಗೆ ಮರ್ಯಾದೆಯೂ ಹೋಗುತ್ತದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಧನವನ್ನು ಮನುಷ್ಯನ ಹೊರಗಿನ ಪ್ರಾಣವೆಂದು ಕರೆದು, ಅದನ್ನು ಅಪಹರಿಸುವವನು ಪ್ರಾಣವನ್ನೇ ಅಪಹರಿಸುತ್ತಾನೆಂದು ನಿರ್ಣಯಿಸಿರುವುದರ ಅರ್ಥ ಇಂಥಲ್ಲಿ ಸ್ಪಷ್ಟವಾಗುತ್ತದೆ. ಚೌರ್ಯವು ಹಿಂಸೆಯಿಂದ ಬೇರೆಯಾದ ಪಾಪವಲ್ಲ; ಹಿಂಸೆಯದೇ ಇನ್ನೊಂದು ಮುಖ.

ಹೀಗೆ ನೊಂದವನು ರಾಜ್ಯದ ಆಶ್ರಯವನ್ನು ಬೇಡಿ ಪೊಲೀಸ್ ಠಾಣೆಗೆ ಹೋಗುವುದು ಸಹಜ. ಅಲ್ಲಿ ಅವನಿಗೆ ದೊರೆಯುವುದೇನು? ಭಾರತೀಯ ದಂಡಸಂಹಿತೆಯು ಜಾರಿಯಲ್ಲಿದ್ದ ಕಾಲದಲ್ಲಿ ಕಳವು 379ನೆಯ ಕಲಮಿನ ಅಪರಾಧವಾಗಿದ್ದು, ಬೆಲೆ ಎಷ್ಟೇ ಇರಲಿ, ಪೊಲೀಸರು ತಾವಾಗಿಯೇ ತನಿಖೆ ನಡೆಸಬಹುದಾದ ಸಂಜ್ಞೇಯ ಅಪರಾಧವಾಗಿತ್ತು. ಅಂಥ ಅಪರಾಧದ ವರ್ತಮಾನ ಬಂದರೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದ ಮೇಲೆ ಒಂದು ಭೇದವುಂಟಾಗಿದೆ. ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಅದೀಗ ಅಸಂಜ್ಞೇಯ ಅಪರಾಧ. ಠಾಣೆಯವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುದಾರನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಅವರ ಆದೇಶವಿಲ್ಲದೆ ತನಿಖೆ ನಡೆಯುವಂತಿಲ್ಲ. ಮೊದಲ ಬಾರಿ ಅಪರಾಧಿಯಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಸಣ್ಣ ತಪ್ಪಿಗೆ ಸೆರೆಮನೆಯ ಬದಲು ಸೇವೆಯನ್ನು ವಿಧಿಸುವುದರಲ್ಲಿ ಕರುಣೆಯೂ ವಿವೇಕವೂ ಇವೆಯೆಂಬುದನ್ನು ಒಪ್ಪಬೇಕು. ಆದರೆ ಸರಕಿನ ಜೊತೆಗೆ ಮುಂದಿನ ಊರಿಗೆ ಹೊತ್ತಿಗೆ ಸರಿಯಾಗಿ ಸೇರಬೇಕಾದ ಚಾಲಕನು 50 ಲೀಟರಿನ ಸಲುವಾಗಿ ಪರಸ್ಥಳದ ನ್ಯಾಯಾಲಯವನ್ನು ಹುಡುಕಿಕೊಂಡು ಹೋಗುವನೇ? 60 ಲೀಟರು ಹೋಗಿದ್ದರೆ ಬೆಲೆ 5,400 ರೂಪಾಯಿಯಾಗಿ ಪೊಲೀಸರೇ ತನಿಖೆಗೆ ಹೊರಡಬೇಕಾಗುತ್ತಿತ್ತು. ಹತ್ತು ಲೀಟರಿನ ಅಂತರದಲ್ಲಿ ಅವನ ದಾರಿಯೇ ಬದಲಾಗುತ್ತದೆ.

ಪೊಲೀಸರ ತೊಡಕನ್ನೂ ನ್ಯಾಯದೃಷ್ಟಿಯಿಂದ ನೋಡಬೇಕು. ಕಳುವಾದ ಒಡವೆಗೆ ಗುರುತುಂಟು, ಕಳುವಾದ ವಾಹನಕ್ಕೆ ನಂಬರುಂಟು. ಡೀಸೆಲಿಗೆ ಯಾವ ಗುರುತೂ ಇಲ್ಲ. ಒಂದು ಟ್ಯಾಂಕಿನ ಎಣ್ಣೆಯು ಇನ್ನೊಂದರೊಳಗೆ ಬಿದ್ದ ಕ್ಷಣದಲ್ಲಿಯೇ ಅದರ ಪೂರ್ವಕಥೆ ಅಳಿದುಹೋಗುತ್ತದೆ. ಕೊಳವೆ, ಕ್ಯಾನುಗಳ ಸಮೇತ ಸಿಕ್ಕಿಬಿದ್ದವನ ಮೇಲಲ್ಲದೆ ಮೊಕದ್ದಮೆ ನಿಲ್ಲುವುದು ಕಷ್ಟ. ರಾತ್ರಿಯ ಗಸ್ತು ಉದ್ದವಾದ ರಸ್ತೆಯ ಪ್ರತಿಯೊಂದು ಅಂಚನ್ನೂ ಕಾಯಲಾರದು. ಇಷ್ಟಾದರೂ ಕಾನೂನು ಕೈಕಟ್ಟಿ ಕುಳಿತಿಲ್ಲ. ಗುಂಪು ಕಟ್ಟಿಕೊಂಡು ಮಾಡುವ ಕಳವನ್ನು, ವಾಹನದೊಳಗಿನಿಂದ ಕದಿಯುವುದನ್ನೂ ಸೇರಿಸಿ, ಹೊಸ ಸಂಹಿತೆಯ 112ನೆಯ ಕಲಮು ಸಣ್ಣ ಸಂಘಟಿತ ಅಪರಾಧವೆಂದು ಪ್ರತ್ಯೇಕವಾಗಿ ಗಣಿಸಿದೆ; ಅದಕ್ಕೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷಗಳವರೆಗೆ ಸೆರೆವಾಸವಿದೆ. ಆದರೆ ಗುಂಪಿನ ಕೈವಾಡವು ಪೊಲೀಸರಿಗೆ ಕಾಣಬೇಕಾದರೆ ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ನಡೆದ ಕಳವುಗಳು ಪುಸ್ತಕದಲ್ಲಿ ದಾಖಲಾಗಿರಬೇಕು. ಎಣ್ಣೆಯ ಕಳವು ತಾನೆ ಎಂದು ದೂರನ್ನು ತಳ್ಳಿಹಾಕುವ ಅಧಿಕಾರಿಯೂ, ಹೋದದ್ದು ಹೋಯಿತೆಂದು ದೂರನ್ನೇ ಕೊಡದ ಮಾಲೀಕನೂ ಕಳ್ಳನಿಗೆ ಸಮಾನವಾಗಿ ನೆರವಾಗುತ್ತಾರೆ.

ಇಲ್ಲಿ ವ್ರತಿಯ ಮುಂದೆ ಒಂದು ಗಂಭೀರವಾದ ಪ್ರಶ್ನೆಯು ಎದ್ದು ನಿಲ್ಲುತ್ತದೆ. ಮುನಿಗಳ ಮಹಾವ್ರತದಂತಲ್ಲದೆ ಗೃಹಸ್ಥನ ಅಚೌರ್ಯವು ಸ್ಥೂಲ ಚೌರ್ಯದ ತ್ಯಾಗ. ರಾಜದಂಡಕ್ಕೆ ಗುರಿಯಾಗುವಂಥದು, ಲೋಕವು ಕಳ್ಳತನವೆಂದು ಕರೆಯುವಂಥದು ಸ್ಥೂಲವೆಂದು ಸಾಮಾನ್ಯವಾಗಿ ವಿವರಿಸುವುದುಂಟು. ಹಾಗಾದರೆ ರಾಜ್ಯವೇ 5,000 ರೂಪಾಯಿಯ ಗೆರೆಯನ್ನೆಳೆದು ಅದರ ಕೆಳಗಿನದನ್ನು ಅಲ್ಪವೆಂದು ಎಣಿಸಿರುವಾಗ ವ್ರತದ ಗೆರೆಯೂ ಮೇಲಕ್ಕೆ ಸರಿಯಿತೇ? ವಿಚಾರ ಮಾಡಿದರೆ ಸರಿಯಲಿಲ್ಲವೆಂದೇ ಹೇಳಬೇಕಾಗುತ್ತದೆ. ಮೊದಲನೆಯದಾಗಿ, ಕಾನೂನು ಅಲ್ಪ ಕಳವನ್ನು ಕಳವಲ್ಲವೆಂದು ಹೇಳಿಲ್ಲ. ವಿಚಾರಣೆಯ ಕ್ರಮವನ್ನೂ ಶಿಕ್ಷೆಯ ರೀತಿಯನ್ನೂ ಮಾತ್ರ ಬದಲಾಯಿಸಿದೆ. ಎರಡನೆಯದಾಗಿ, ಸ್ಥೂಲವನ್ನು ಗುರುತಿಸಲು ಆಚಾರ್ಯರು ರಾಜಭಯವೊಂದನ್ನೇ ಹೇಳಲಿಲ್ಲ. ಪರರಿಗೆ ಪೀಡೆಯಾಗುವುದನ್ನೂ ಹೇಳಿದ್ದಾರೆ. ಈ ಪೀಡೆಗೆ ರೂಪಾಯಿಯ ಅಳತೆಯಿಲ್ಲ. ಮೂರನೆಯದೇ ಮುಖ್ಯ: ಚೌರ್ಯದ ಲಕ್ಷಣವು ಅದತ್ತಾದಾನ, ಎಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದು. ಕೊಟ್ಟಿದೆಯೇ, ಕೊಟ್ಟಿಲ್ಲವೇ ಎಂಬ ಒಂದೇ ಪ್ರಶ್ನೆಯನ್ನು ಅದು ಕೇಳುತ್ತದೆ; ಎಷ್ಟು ಎಂದು ಕೇಳುವುದಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಇಟ್ಟದ್ದು, ಬಿದ್ದದ್ದು, ಮರೆತದ್ದು ಯಾವುದೇ ಆಗಲಿ, ಕೊಡದ ಪರಧನವನ್ನು ತಾನು ತೆಗೆದುಕೊಳ್ಳದಿರುವುದು ಮಾತ್ರವಲ್ಲದೆ ಅನ್ಯರಿಗೆ ಕೊಡದಿರುವುದನ್ನೂ ಈ ವ್ರತದಲ್ಲಿ ಸೇರಿಸಿದ್ದಾರೆ. ರಸ್ತೆಯ ಬದಿಯಲ್ಲಿ ನಿಂತ ಲಾರಿಯು ಯಾರೂ ಬಿಟ್ಟುಹೋದ ವಸ್ತುವಲ್ಲ. ಅದರ ಒಡೆಯನು ನಿದ್ರಿಸುತ್ತಿರಬಹುದು, ಒಡೆತನವು ನಿದ್ರಿಸುವುದಿಲ್ಲ.

ಇಷ್ಟನ್ನು ಓದಿದ ಶ್ರಾವಕನು, ಕೊಳವೆ ಹಿಡಿಯುವವರು ಯಾರೋ, ಇದರಿಂದ ನಮಗೇನೆಂದು ಕೇಳಬಹುದು. ಸಂಬಂಧವಿರುವುದು ಇನ್ನು ಮುಂದೆಯೇ. ಕದ್ದ ಡೀಸೆಲನ್ನು ಕಳ್ಳನು ಕುಡಿಯುವುದಿಲ್ಲ, ತನ್ನ ಮನೆಯಲ್ಲಿ ಕೂಡಿಡುವುದಿಲ್ಲ. ಅದು ಹಣವಾಗಬೇಕಾದರೆ ಕೊಳ್ಳುವವನೊಬ್ಬನು ಬೇಕು. ಬಂಕಿನ ದರಕ್ಕಿಂತ ಹತ್ತು ಹದಿನೈದು ರೂಪಾಯಿ ಕಡಿಮೆಗೆ, ರಸೀದಿಯಿಲ್ಲದೆ, ಬೆಳಗಿನ ಜಾವದಲ್ಲಿ ಕ್ಯಾನಿನಲ್ಲಿ ಬರುವ ಎಣ್ಣೆಯನ್ನು ಟ್ರ್ಯಾಕ್ಟರಿಗೋ ಜನರೇಟರಿಗೋ ಗಿರಣಿಯ ಇಂಜಿನಿಗೋ ಹಾಕಿಸಿಕೊಳ್ಳುವವರು ಕನ್ನ ಹಾಕುವ ಜಾತಿಯವರಲ್ಲ; ಮರ್ಯಾದಸ್ಥ ರೈತರು, ವರ್ತಕರು, ಮನೆವಂತರು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಎಣಿಸಿರುವ ಅಚೌರ್ಯದ ಐದು ಅತಿಚಾರಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ, ಕಳ್ಳನನ್ನು ಪ್ರೇರೇಪಿಸುವುದು. ಎರಡನೆಯದು ತದಾಹೃತಾದಾನ, ಅವನು ತಂದುದನ್ನು ಸ್ವೀಕರಿಸುವುದು. ಇವೆರಡೂ ಒಂದರ ಪಕ್ಕದಲ್ಲೊಂದು ನಿಂತಿರುವುದು ಅರ್ಥಪೂರ್ಣವಾಗಿದೆ. ಇಂದು ಕೊಂಡವನು ನಾಳೆಯ ಕಳವಿಗೆ ಮುಂಗಡ ಕೊಟ್ಟಂತೆ. ಸ್ವೀಕಾರವೇ ಪ್ರೇರಣೆಯಾಗಿ ತಿರುಗುತ್ತದೆ. ರಾಜ್ಯದ ಕಾನೂನೂ ಹೀಗೆಯೇ ಭಾವಿಸುತ್ತದೆ: ಕಳವಿನ ಮಾಲೆಂದು ತಿಳಿದು, ಇಲ್ಲವೆ ಹಾಗೆಂದು ನಂಬಲು ಕಾರಣವಿದ್ದೂ ಅದನ್ನು ಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸವುಂಟು.

ಕಳವಿನ ಮಾಲೆಂದು ಗೊತ್ತಿರಲಿಲ್ಲ, ಅರಿಯದೆ ಮಾಡಿದ್ದಕ್ಕೆ ಪಾಪವೆಲ್ಲಿಯದು ಎಂಬ ಆಕ್ಷೇಪವು ಬರುವುದು ಸಹಜ. ನಿಜವಾದ ಅಜ್ಞಾನಕ್ಕೆ ಶಾಸ್ತ್ರದಲ್ಲಿ ಸ್ಥಾನವಿದೆ. ಕೊಡದ್ದನ್ನು ತೆಗೆದುಕೊಳ್ಳುವುದೇ ಚೌರ್ಯವಾದರೆ ಊರಿನ ಬೀದಿಯಲ್ಲಿ ನಡೆದು ಹೋಗುವ ಮುನಿಗೂ ಆ ದೋಷವು ತಟ್ಟಬೇಕಲ್ಲವೇ ಎಂಬ ಶಂಕೆಯನ್ನು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಎತ್ತಿಕೊಂಡು, ಬೀದಿಯು ಎಲ್ಲರಿಗೂ ತೆರೆದಿರುವುದರಿಂದಲೂ ಅಲ್ಲಿ ಪ್ರಮತ್ತಯೋಗವಿಲ್ಲದುದರಿಂದಲೂ ದೋಷವಿಲ್ಲವೆಂದು ಪರಿಹರಿಸಿದ್ದಾರೆ. ಆದುದರಿಂದ ದೋಷದ ಬೇರು ಪ್ರಮಾದದಲ್ಲಿದೆ, ಕಷಾಯದಲ್ಲಿದೆ. ಸರಕಾರದ ಬಂಕಿನಲ್ಲಿ ದರವನ್ನು ದಿನವೂ ನೋಡುವ ವ್ಯವಹಾರಸ್ಥನು ಅದಕ್ಕಿಂತ ಅಗ್ಗವಾಗಿ ಕತ್ತಲಲ್ಲಿ ಬಂದ ಎಣ್ಣೆಯ ಮೂಲವನ್ನು ಕೇಳದಿದ್ದರೆ, ಅದು ಅಜ್ಞಾನವಲ್ಲ. ಕೇಳಿದರೆ ಉತ್ತರ ಸಿಕ್ಕೀತೆಂಬ ಭಯ. ಲೋಭವು ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಕಾಣಲಿಲ್ಲವೆಂಬ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಲ್ಲಿ ಮೊದಲನೆಯದನ್ನು ಮುಚ್ಚಿ ಉಳಿದೆರಡನ್ನು ತೆರೆದಿಟ್ಟವನ ಮನೆಗೆ ಕರ್ಮವು ಧಾರಾಳವಾಗಿ ಬರುತ್ತದೆ.

ಲಾರಿಯನ್ನಿಟ್ಟಿರುವ ಶ್ರಾವಕರಿಗೂ ಇಲ್ಲಿ ಎರಡು ಕರ್ತವ್ಯಗಳಿವೆ. ವಿಚಾರಣೆಯಿಲ್ಲದೆ ಚಾಲಕನ ಸಂಬಳವನ್ನು ಮುರಿದುಕೊಂಡರೆ, ಅವನು ದುಡಿದು ಗಳಿಸಿದ್ದನ್ನು ಅವನು ಕೊಡದೆಯೇ ತೆಗೆದುಕೊಂಡಂತಾಗುವುದಿಲ್ಲವೇ? ಕಳ್ಳನಿಂದಾದ ನಷ್ಟವನ್ನು ಇನ್ನೊಂದು ಅದತ್ತಾದಾನದಿಂದ ತುಂಬಿಕೊಳ್ಳುವುದು ಧರ್ಮವಲ್ಲ. ಇನ್ನೊಂದು ಕರ್ತವ್ಯವು ಅಹಿಂಸೆಯದು. ಕೈಗೆ ಸಿಕ್ಕ ಕಳ್ಳನನ್ನು ಗುಂಪುಗೂಡಿ ಥಳಿಸುವವರು ನ್ಯಾಯವನ್ನು ಮಾಡುತ್ತಿಲ್ಲ, ಕ್ರೋಧವನ್ನು ತೀರಿಸಿಕೊಳ್ಳುತ್ತಿದ್ದಾರೆ. ಐವತ್ತು ಲೀಟರು ಎಣ್ಣೆಗಾಗಿ ಪಂಚೇಂದ್ರಿಯ ಜೀವವೊಂದಕ್ಕೆ ಘಾತವಾಗುವುದನ್ನು ನೋಡುತ್ತ ನಿಲ್ಲುವುದು ಅಣುವ್ರತಿಗೆ ತಕ್ಕುದಲ್ಲ. ಹಿಡಿದವನನ್ನು ಪೊಲೀಸರಿಗೊಪ್ಪಿಸಿ, ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಚಾಲಕನಿಗೆ ದೀಪವೂ ಕಾವಲೂ ಇರುವ ತಂಗುದಾಣದಲ್ಲಿಯೇ ಗಾಡಿಯನ್ನು ನಿಲ್ಲಿಸಲು ಅನುಕೂಲ ಮಾಡಿಕೊಡುವುದೇ ಸರಿಯಾದ ಮಾರ್ಗ.

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಮಾಡುವವರೂ, ದಶಲಕ್ಷಣ ಪರ್ವದಲ್ಲಿ ಏಕಾಶನವನ್ನು ಹಿಡಿಯುವವರೂ ತಮ್ಮ ಎಲೆಗೆ ಬಿದ್ದ ಅನ್ನವು ಶುದ್ಧವೇ ಎಂದು ಸೂಕ್ಷ್ಮವಾಗಿ ನೋಡುತ್ತಾರೆ. ನೀರನ್ನು ಸೋಸುತ್ತಾರೆ, ಕಾಳನ್ನು ಶೋಧಿಸುತ್ತಾರೆ. ಆ ಕಾಳನ್ನು ಬೆಳೆದ ಹೊಲವನ್ನು ಉತ್ತ ಟ್ರ್ಯಾಕ್ಟರಿನೊಳಗೆ ಯಾರ ಎಣ್ಣೆ ಉರಿಯಿತೆಂಬುದನ್ನು ಮಾತ್ರ ಶೋಧಿಸದೆ ಬಿಟ್ಟರೆ, ಶೋಧನೆಯು ಅರ್ಧದಲ್ಲಿಯೇ ನಿಂತಿತೆನ್ನಬೇಕು. ಉತ್ತಮ ಶೌಚವೆಂದರೆ ಲೋಭದ ಅಭಾವವೇ ಹೊರತು ಸ್ನಾನವಲ್ಲ. ಪೊಲೀಸರ ದೀಪವು ಹೆದ್ದಾರಿಯ ಕೆಲವು ತಿರುವುಗಳನ್ನು ಮಾತ್ರ ಬೆಳಗಬಲ್ಲದು. ಕೊಳ್ಳುವವನ ಅಂಗಳದಲ್ಲಿ ಬೆಳಗಬೇಕಾದ ದೀಪವು ವ್ರತದ್ದು. ರಸೀದಿಯಿಲ್ಲದ ಎಣ್ಣೆಯನ್ನು ಮನೆಯ ಅಂಗಳದೊಳಕ್ಕೆ ಬಿಡೆವೆಂಬ ನಿಯಮವನ್ನು ಒಂದು ಊರಿನ ಹತ್ತು ಮನೆಗಳವರು ಕೈಗೊಂಡು ನಡೆದರೆ, ಅಲ್ಲಿಗೆ ಕ್ಯಾನು ಹೊತ್ತು ಬಂದವನು ಹಾಗೆಯೇ ಹಿಂದಿರುಗಬೇಕಾಗುತ್ತದೆ. ರಸ್ತೆಯ ಬದಿಯಲ್ಲಿ ಮಲಗಿದ ಅಪರಿಚಿತ ಚಾಲಕನೊಬ್ಬನ ನಿದ್ರೆಯು ಅಷ್ಟರಮಟ್ಟಿಗೆ ನಿರ್ಭಯವಾಗುತ್ತದೆ. ಅಭಯವನ್ನು ದಾನಗಳಲ್ಲಿ ಒಂದೆಂದು ಎಣಿಸಿರುವ ಧರ್ಮವು ಗೃಹಸ್ಥನಿಂದ ಇಷ್ಟನ್ನಾದರೂ ನಿರೀಕ್ಷಿಸುತ್ತದೆ.